ದೊಡ್ಡಪ್ಪ ಸಮುದ್ರ ತೋರಿಸಿದ್ದು

ನಮ್ಮ ದೊಡ್ಡಪ್ಪ ಸುಳ್ಳು ಹೇಳುತ್ತಿದ್ದರು ಎಂದು ಯಾರಾದರೂ ಅಂದರೆ ನಾನು ಇವತ್ತಿಗೂ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಲ್ಲುತ್ತೇನೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ವಿವರಣೆ ಕೊಡುತ್ತಿದ್ದರು, ಅಷ್ಟೆ! ವಿವರಣೆಗೂ ನಿಜಕ್ಕೂ ನೆಂಟಸ್ತನ ಇರಲೇಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಮಳೆ ಯಾಕೆ ಬಂತು, ಬಸ್ಸು ಯಾಕೆ ಬರಲಿಲ್ಲ, ಹಲಸಿನಹಣ್ಣಿಗೆ ಮುಳ್ಳು ಯಾಕೆ, ತಹಸೀಲ್ದಾರರಿಗೆ ಹೊಟ್ಟೆ ಯಾಕೆ? ನೀವು ಕೇಳಿದರೂ ಸರಿ, ಕೇಳದಿದ್ದರೂ ಸರಿ, ಪ್ರತಿಯೊಂದಕ್ಕೂ ಅವರ ಹತ್ತಿರ ಒಂದು ಕಾರಣ ಸಿದ್ಧವಾಗಿರುತ್ತಿತ್ತು.

ಗಡಿಯಾಚೆ ತಮಿಳು ನಾಡಿಗೆ ಸೇರಿಹೋದ ತಾಳವಾಡಿ ಸೀಮೆಯ ನಮ್ಮ ಕನ್ನಡದ ಊರು ಪಣಕಹಳ್ಳಿಯಲ್ಲಿ ಅವರದು ಸಾಧಾರಣ ಬೇಸಾಯ. ರಾಗಿ, ಮುಸುಕಿನ ಜೋಳ, ಬಾವಿಯ ಮಗ್ಗುಲಲ್ಲಿ ಒಂದಿಷ್ಟು ಬದನೆ, ಬೀನ್ಸು. ಹೊಲ ಹೊಟ್ಟೆಗಾಯಿತು, ಪ್ರಾಣವೆಲ್ಲ ಮಾತ್ರ ಊರು ತೋರಿಸುವುದರಲ್ಲಿತ್ತು. ಕಷ್ಟವೇನೆಂದರೆ ನಮ್ಮೂರಲ್ಲಿ ತೋರಿಸುವಂಥದ್ದು ಏನೂ ಇರಲಿಲ್ಲ. ಕೆರೆ ಬೇಸಿಗೆಗೆ ಬತ್ತುತ್ತಿತ್ತು. ಬಸವಣ್ಣನ ಗುಡಿಗೆ ಬಾಗಿಲು ಹಾಕಿರುತ್ತಿತ್ತು. ಆದ್ದರಿಂದ ದೊಡ್ಡಪ್ಪ ತಮ್ಮ ಮನೆಯನ್ನೇ ತೋರಿಸುತ್ತಿದ್ದರು!

ಒಮ್ಮೆ ರಾಗಿ ಬೆಳೆ ನೋಡಲು ಹೊಸದಾಗಿ ಬಂದಿದ್ದ ವ್ಯವಸಾಯದ ಆಫೀಸರು ನೀರು ಕುಡಿಯಲು ಮನೆ ಹತ್ತಿರ ಬಂದರು. ದೊಡ್ಡಪ್ಪ ಅವರನ್ನು ಹೊಸ್ತಿಲ ಆಚೆಯೇ ನಿಲ್ಲಿಸಿದರು.

“ಇದು ತಲೆಬಾಗ್ಲು ಸಾರ್. ನಮ್ಮ ತಾತ ಮಾಡ್ಸುದ್ದು. ಇದ ಯಾಕ ಇಷ್ಟು ಗಿಡ್ಡಕ್ಕ ಮಾಡ್ಸುದ್ರು ಅಂದ್ರ...”

ಢಣ್! ಆಫೀಸರ ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು.

“ಅದುಕ್ಕೇಯ!” ಎಂದರು ದೊಡ್ಡಪ್ಪ, ಸಂತೋಷದಿಂದ. “ಬಂದೋರು ತಲೆ ಬಗ್ಗುಸ್ಲಿ ಅಂತ. ಎಲ್ರಿಗೂ ಇಂಗೇ ಅರ್ಥ ಆಯ್ತದ.”

ಆ ಆಫೀಸರು ಆಮೇಲೆ ನಮ್ಮೂರ ಬೆಳೆಯನ್ನು ರಸ್ತೆಯಿಂದಲೇ ನೋಡಿ ಹೋಗುತ್ತಿದ್ದರು.

ಇನ್ನೊಮ್ಮೆ ಹಕ್ಕಿ ನೋಡುವ ಹುಚ್ಚಿನ ಇಬ್ಬರು ಕಾಲೇಜು ಮೇಷ್ಟ್ರುಗಳು ತಾಳಮಲೆಯ ಕಾಡಿಗೆಂದು ಬಂದರು. ಅವರಿಗೆ ದಾರಿ ತೋರಿಸಲು ಯಾರೂ ದೊಡ್ಡಪ್ಪನನ್ನು ಕರೆದಿರಲಿಲ್ಲ. ಆದರೂ ಕೋಲು ಹಿಡಿದು ಹೊರಟರು. ದಾರಿಯಲ್ಲಿ ಆನೆಯ ಲದ್ದಿ ಸಿಕ್ಕಿತು. ದೊಡ್ಡಪ್ಪ ಅದನ್ನು ಕೋಲಿನಿಂದ ಕೆದಕಿ, “ಇದು ನೆನ್ನೆದು. ಆನೆ ಆಗ್ಲೇ ದಿಂಬಂ ಕಡೆ ಇಳ್ದದ. ಇನ್ನ ನಾಕು ದಿನ ಇತ್ತಗ ತಲೆ ಆಕಲ್ಲ” ಎಂದು ವಿವರಿಸಿದರು. ವಿವರಣೆ ಮುಗಿಯುವ ಮೊದಲೇ ಬಿದಿರಿನ ಮೆಳೆ ಮುರಿದುಕೊಂಡು ಆನೆ ತಲೆ ಹಾಕಿತು. ಮೇಷ್ಟ್ರುಗಳು ಜೀವ ಕೈಯಲ್ಲಿ ಹಿಡಿದು ಓಡಿ, ಏದುಸಿರು ಬಿಡುತ್ತ ಊರು ಮುಟ್ಟಿದಾಗ ದೊಡ್ಡಪ್ಪ ಜಗುಲಿಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರಂತೆ!

“ನಮ್ಮನ್ನು ಬಿಟ್ಟು ಓಡಿ ಬಂದಿರಲ್ಲ ಸ್ವಾಮಿ?”

“ಬುಟ್ಟು ಓಡಿ ಬಂದ್ನಾ? ಗೈಡ್ ಆದೋನು ಯಾವಾಗ್ಲೂ ಮುಂದ್ಗಡೆ ಇರ್ಬೇಕು ಕಣಪ್ಪ!”

ಹೀಗೆ ಅವರು ಬಾಯಿ ತೆರೆದಾಗಲೆಲ್ಲ ದೊಡ್ಡಮ್ಮ ಕೊಡ ಎತ್ತಿಕೊಂಡು ಬಾವಿಗೆ ಹೊರಟುಬಿಡುತ್ತಿದ್ದರು. ನಮ್ಮ ಊರಿಗೆ ಎಂಥ ಬೇಸಿಗೆ ಬಂದರೂ ದೊಡ್ಡಮ್ಮನ ಮನೆಯಲ್ಲಿ ನೀರಿಗೆ ಮಾತ್ರ ಎಂದೂ ಕೊರತೆಯಾಗಲಿಲ್ಲ.

ಆಗ ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಾನು ಗೋಬಿ ಪಟ್ಟಣದಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿ, ಕೆಲಸದ ಕಾಗದಕ್ಕೆ ಕಾಯುತ್ತ ದೊಡ್ಡಪ್ಪನ ಮನೆಯಲ್ಲಿದ್ದೆ. ಒಂದು ದಿನ ಗಡಿ ದಾಟಿ ಚಾಮರಾಜನಗರದ ಕಡೆಗೆ ಹೋಗಬೇಕಾಗಿದ್ದ ಒಂದು ಲಾರಿ ಸರಿಯಾಗಿ ನಮ್ಮ ಮನೆಯ ಮುಂದೆ ಆಕ್ಸಲ್ ಮುರಿದುಕೊಂಡು ನಿಂತಿತು. ಲಾರಿಯ ತುಂಬ ಏನಿತ್ತು ಅನ್ನುತ್ತೀರಿ? ಒಣಮೀನು! ಈರುಳ್ಳಿಯನ್ನೂ ಸೋಮವಾರ ಮುಟ್ಟದ ಮನೆ ನಮ್ಮದು. ಮೂರು ದಿನ ಊರಿನ ಬೆಕ್ಕುಗಳೆಲ್ಲ ನಮ್ಮ ಜಗುಲಿಯಲ್ಲೇ ಬಿಡಾರ ಹೂಡಿದವು. ದೊಡ್ಡಮ್ಮ ಮೂಗಿಗೆ ಸೆರಗು ಕಟ್ಟಿಕೊಂಡೇ ಅಡುಗೆ ಮಾಡಿದರು.

“ಆ ಲಾರೀನ ನಾಕಾಳು ಸೇರಿ ಅತ್ತಗ ತಳ್ಳುಸ್ಬಾರ್ದಾ?”

“ಸುಮ್ನಿರಮ್ಮಿ. ಡ್ರೈವರು ಸಮುದ್ರದ ಕಡೆಯೋನು!”

ದೊಡ್ಡಪ್ಪನಿಗೆ ಮೂಗು ಕೆಲಸ ಮಾಡುತ್ತಿರಲಿಲ್ಲ, ಕಿವಿ ಮಾತ್ರ ಮಾಡುತ್ತಿತ್ತು. ಆ ಡ್ರೈವರಿಗೆ ಮೂರು ದಿನ ಮುದ್ದೆ, ಸೊಪ್ಪಿನ ಸಾರು ಉಣ್ಣಿಸಿ ಅವನ ಊರಿನ ಸಮಾಚಾರವನ್ನೆಲ್ಲ ಹಿಂಡಿಕೊಂಡರು. ಅವನ ಊರು ತರಂಗಂಬಾಡಿಯಂತೆ. ಮಾಯವರಂ ಆಚೆ, ಸಮುದ್ರದ ದಡದಲ್ಲೇ. ಅಲ್ಲಿ ಯಾವುದೋ ದೇಶದ ಬಿಳಿಯರು ಕಟ್ಟಿದ ಹಳೆಯ ಕೋಟೆ ಇದೆಯಂತೆ. ರಾಜರ ಬೀದಿ ಅಂತ ಒಂದು ಬೀದಿ ನೇರವಾಗಿ ಹೋಗಿ ಸಮುದ್ರಕ್ಕೇ ಮುಟ್ಟುತ್ತದಂತೆ. ದಡದ ಮೇಲೆ ಹಳೆಯ ಶಿವನ ಗುಡಿ, ಅದರ ಅರ್ಧವನ್ನು ಅಲೆಗಳು ತಿಂದುಬಿಟ್ಟಿವೆಯಂತೆ. ಊರಿನ ಹೊರಗೆ ತಾಳೆಯ ತೋಪು. ಬೆಳಗ್ಗೆ ಹೋದರೆ ಮರದಿಂದ ಆಗತಾನೇ ಇಳಿಸಿದ ಪದನೀರು, ಅಂದರೆ ತಾಳೆಯ ಸಿಹಿರಸ, ಎಲೆಯ ದೊನ್ನೆಯಲ್ಲಿ ಕೊಡುತ್ತಾರಂತೆ.

ಲಾರಿ ಹೋಯಿತು. ವಾಸನೆ ಹದಿನೈದು ದಿನ ಉಳಿಯಿತು. ಸಮಾಚಾರ ಶಾಶ್ವತವಾಗಿ ಉಳಿಯಿತು!

ಮೊದಲ ವಾರ ದೊಡ್ಡಪ್ಪ, “ತರಂಗಂಬಾಡೀಲಿ ಒಂದು ಕೋಟೆ ಅದಂತ” ಎನ್ನುತ್ತಿದ್ದರು. ಎರಡನೇ ವಾರ ಆ ‘ಅಂತ’ ಉದುರಿಹೋಗಿ “ಕೋಟೆ ಅದ” ಎಂದಾಯಿತು. ಯುಗಾದಿಯ ಹೊತ್ತಿಗೆ “ನಾ ಓಗಿದ್ದಾಗ ಆ ಕೋಟೆ ಮ್ಯಾಲ ನಿಂತು ನೋಡ್ದಿ” ಎಂಬಲ್ಲಿಗೆ ಬಂತು! ದೊಡ್ಡಮ್ಮ ಒಳಗಿನಿಂದಲೇ ಕೂಗಿದರು.

“ಯಾವಾಗ ಓಗಿದ್ರಿ? ನಾನು ಈ ಮನೆಗ ಬಂದು ಮೂವತ್ತು ವರ್ಸ ಆಯ್ತು. ಈರೋಡ್ ದಾಟಿದ್ದ ಕಾಣಿ!”

“ಅದುಕ್ ಮುಂಚ!”

ಮದುವೆಗೆ ಮುಂಚಿನ ಸಂಗತಿಗೆ ಹೆಂಡತಿ ಸಾಕ್ಷಿ ಹೇಗೆ ತಾನೇ ಹೇಳಿಯಾಳು?

ಆದರೆ ಗೆಟ್ಟವಾಡಿಯ ಮಲ್ಲಣ್ಣ ಎಂಬುವವರು ಇದ್ದರು. ದೊಡ್ಡಪ್ಪನ ವಯಸ್ಸಿನವರೇ, ಬಾಲ್ಯದ ಗೆಳೆಯರು. ವಿಭೂತಿ ಇಲ್ಲದೆ ನೀರು ಮುಟ್ಟದ ಕಟ್ಟುನಿಟ್ಟಿನ ಮನುಷ್ಯ. ವಾರಕ್ಕೊಮ್ಮೆ ಬಂದು ಜಗುಲಿಯಲ್ಲಿ ಕೂತು, ದೊಡ್ಡಪ್ಪನ ವಿವರಣೆಗಳನ್ನೆಲ್ಲ ಕಣ್ಣು ಮುಚ್ಚಿ ಕೇಳಿ, ಕೊನೆಗೆ ಒಂದೇ ಒಂದು ಪ್ರಶ್ನೆ ಹಾಕಿ ಹೋಗುವುದು ಅವರ ಪದ್ಧತಿ. ಸಮುದ್ರದ ಕಥೆಯನ್ನು ನಾಲ್ಕನೇ ಸಲ ಕೇಳಿದ ಮೇಲೆ ಅವರು ಕಣ್ಣು ತೆರೆದರು.

“ಅಲ್ಲ ಕಣ್ಲಾ, ಇಷ್ಟು ಚೆನ್ನಾಗಿ ಗೊತ್ತಿರೋನು ನಮ್ಮನ್ನ ಒಂದ್ಸಲ ಕರ್ಕಂಡು ಓಗ್ಬಾರ್ದಾ?”

ಅಷ್ಟೇ! ಜಗುಲಿಯಲ್ಲಿದ್ದವರೆಲ್ಲ ನಾನೂ ಬರುತ್ತೇನೆ, ನಾನೂ ಬರುತ್ತೇನೆ ಎಂದು ಎದ್ದು ನಿಂತರು. ದೊಡ್ಡಪ್ಪನ ಮುಖ ನೋಡಬೇಕಿತ್ತು! ಆದರೂ ಎದೆಯುಬ್ಬಿಸಿ, “ಅದುಕ್ಕೇನು, ಓಗುವ” ಎಂದೇಬಿಟ್ಟರು.

ಅವತ್ತು ಸಾಯಂಕಾಲ ನನ್ನನ್ನು ಹಿತ್ತಿಲಿಗೆ ಕರೆದರು. “ನೀನೂ ಬರ್ಬೇಕು ಕಣವ್ವಾ. ನಂಗ ತಮಿಳು ಮಾತಾಡಾಕ ಬತ್ತದ, ಓದಾಕ ಬರಲ್ಲ. ನೀನು ಬೋರ್ಡುಗಳ ಮೊದ್ಲೇ ಓದ್ಬುಟ್ಟು ಮೆಲ್ಲಗ ನನ್ನ ಕಿವೀಲಿ ಯೋಳ್ಬುಡು. ಆಮೇಲ ನಾ ನೋಡ್ಕತೀನಿ.”

“ದೊಡ್ಡಪ್ಪ, ನೀವು ಸಮುದ್ರ ನೋಡಿದ್ದೀರಾ?”

ಅವರು ಬದನೆಗಿಡದ ಹುಳ ಆರಿಸುತ್ತ, “ಬೋರ್ಡು ಓದುದ್ರ ಸಾಕು” ಎಂದರು.

ಸತ್ಯಮಂಗಲದಿಂದ ಒಂದು ವ್ಯಾನು ಗೊತ್ತು ಮಾಡಿದ್ದಾಯಿತು. ಹದಿನಾರು ಜನ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟುಗಳು. ದೊಡ್ಡಮ್ಮ ಬರುವುದಿಲ್ಲವೆಂದೇ ಹಟ ಹಿಡಿದಿದ್ದರು. “ಮನೇಲಿ ಕೇಳಾದು ಸಾಲ್ದು ಅಂತ ವ್ಯಾನಲ್ಲೂ ಕೇಳ್ಬೇಕಾ? ವ್ಯಾನಲ್ಲಿ ಬಾವೀನೂ ಇಲ್ಲ!” ನಾನು ಬೇಡಿಕೊಂಡ ಮೇಲೆ ಕೊನೆಯ ಸೀಟು ಕೊಟ್ಟರೆ ಬರುತ್ತೇನೆಂದು ಒಪ್ಪಿಕೊಂಡರು. ದೊಡ್ಡಪ್ಪ ಕೊರಳಿಗೆ ಒಂದು ಸೀಟಿ ಕಟ್ಟಿಕೊಂಡು, ಕೋಲಿನ ತುದಿಗೆ ಕೆಂಪು ಬಟ್ಟೆ ಸಿಕ್ಕಿಸಿಕೊಂಡು ಮುಂದಿನ ಸೀಟಿನಲ್ಲಿ ಹಿಂದುಮುಂದಾಗಿ ಕೂತರು. ಪ್ರಯಾಣಿಕರಿಗೆ ಮುಖ, ರಸ್ತೆಗೆ ಬೆನ್ನು!

ದಿಂಬಂ ಘಾಟಿಯಲ್ಲಿ ಇಪ್ಪತ್ತೇಳು ತಿರುವುಗಳಿವೆ. ಪ್ರತಿ ತಿರುವಿಗೂ ಒಂದು ಇತಿಹಾಸ ಹೇಳುವುದೆಂದು ದೊಡ್ಡಪ್ಪನ ಸಂಕಲ್ಪ. ಐದನೆಯ ತಿರುವಿನಲ್ಲಿ ಒಬ್ಬ ದೊರೆಯ ಕುದುರೆ ಮುಗ್ಗರಿಸಿತು. ಎಂಟನೆಯದರಲ್ಲಿ ಒಬ್ಬ ಇಂಜಿನಿಯರ್ ನಿದ್ದೆ ಹೋದ, ಅದಕ್ಕೇ ರಸ್ತೆ ಸೊಟ್ಟ. ಹನ್ನೊಂದನೆಯದರಲ್ಲಿ ದೊಡ್ಡಪ್ಪನ ಮುಖ ಹಸಿರಾಯಿತು. ಹಿಂದುಮುಂದಾಗಿ ಕೂತವರಿಗೆ ಘಾಟಿ ಮರ್ಯಾದೆ ಕೊಡುತ್ತದೆಯೇ? ಕಿಟಕಿಯಿಂದ ಕತ್ತು ಹೊರಗೆ ಹಾಕಿದವರು ಬಣ್ಣಾರಿ ಬರುವವರೆಗೂ ಒಳಗೆ ತೆಗೆಯಲಿಲ್ಲ.

“ಏನ್ಲಾ, ಗೈಡೇ ಇಂಗಾದ್ರ ನಮ್ ಗತಿ?” ಎಂದರು ಮಲ್ಲಣ್ಣ.

“ಇಲ್ಲಿ ಎಲ್ರೂ ಇದ್ನೇ ಮಾಡಾದು,” ಎಂದರು ದೊಡ್ಡಪ್ಪ, ಮೀಸೆ ಒರೆಸಿಕೊಳ್ಳುತ್ತ. “ನಾನು ತೋರುಸ್ಕೊಟ್ಟಿ.”

ಮಧ್ಯಾಹ್ನ ಕುಳಿತ್ತಲೈ ದಾಟುವಾಗ ರಸ್ತೆಯ ಎಡಕ್ಕೆ ಇದ್ದಕ್ಕಿದ್ದಂತೆ ಬಯಲೇ ಬಯಲು ನೀರು, ಮರಳು. ಬಿಸಿಲ ಝಳಕ್ಕೆ ಆಚೆಯ ದಡ ಕಾಣುತ್ತಿರಲಿಲ್ಲ. ಪುರ್ರೆಂದು ಸೀಟಿ ಊದಿದರು ದೊಡ್ಡಪ್ಪ.

“ನೋಡ್ಕಳಿ! ಸಮುದ್ರ!”

ಹೆಂಗಸರೆಲ್ಲ ಎದ್ದು ಕೈ ಮುಗಿದರು. ಯಾರೋ ಅರಿಸಿನ ಕುಂಕುಮದ ಪೊಟ್ಟಣ ಬಿಚ್ಚಿದರು. ನಾನು ರಸ್ತೆ ಬದಿಯ ಬೋರ್ಡು ಓದಿ ಅವರ ಕಿವಿಯಲ್ಲಿ, “ದೊಡ್ಡಪ್ಪ, ಇದು ಕಾವೇರಿ” ಎಂದೆ.

ರೆಪ್ಪೆ ಹೊಡೆಯುವಷ್ಟು ಹೊತ್ತೂ ತಡವಾಗಲಿಲ್ಲ.

“ಸಮುದ್ರ... ಸೇರೋ ಕಾವೇರಿ ಇದು ಅಂತ ಯೋಳ್ತಾ ಇದ್ದಿ! ಪೂರ್ತಿ ಕೇಳ್ಕಳಾದೇ ಇಲ್ವಲ್ಲ ನೀವು?”

ಅವತ್ತು ರಾತ್ರಿ ಮಾಯವರಂನ ಒಂದು ಛತ್ರದಲ್ಲಿ ತಂಗಿ, ಬೆಳಗಾಗುತ್ತಲೇ ಹೊರಟೆವು. ರಸ್ತೆ ಚಪ್ಪಟೆ, ಆಕಾಶ ದೊಡ್ಡದು, ಗಾಳಿ ಅಂಟಂಟು. ಗುಡ್ಡವೇ ಇಲ್ಲದ ಊರು ನೋಡಿ ನಮ್ಮ ಜನಕ್ಕೆ ಕಣ್ಣು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. ತರಂಗಂಬಾಡಿಗೆ ಇನ್ನೊಂದು ಮೈಲಿ ಇರುವಾಗ ತಾಳೆಯ ತೋಪು ಬಂತು. ಒಬ್ಬ ಮುದುಕ ಸೊಂಟಕ್ಕೆ ಕುಡಿಕೆ ಕಟ್ಟಿಕೊಂಡು ಮರದಿಂದ ಇಳಿಯುತ್ತಿದ್ದ. ದೊಡ್ಡಪ್ಪ ವ್ಯಾನು ನಿಲ್ಲಿಸಿ ಎಲ್ಲರನ್ನೂ ಸಾಲಾಗಿ ಕೂರಿಸಿದರು. ಪ್ರತಿಯೊಬ್ಬರ ಕೈಗೂ ತಾಳೆ ಎಲೆಯ ದೊನ್ನೆ.

“ಗಟಗಟ ಅಂತ ಕುಡಿಬಾರ್ದು. ಮೊದ್ಲು ಮೂಸ್ಬೇಕು. ಆಮೇಲ ನಾಲ್ಗೆ ತುದೀಲಿ. ಆಮೇಲ ಕಣ್ ಮುಚ್ಕಂಡು ಒಂದು ಗುಟುಕು.”

ಮೂಸಿದೆವು. ಮಣ್ಣಿನ ಕುಡಿಕೆಯ ವಾಸನೆ, ಸುಣ್ಣದ ವಾಸನೆ. ಕುಡಿದೆವು. ಎಳನೀರಿಗೆ ಬೆಲ್ಲ ಕದಡಿ, ಅದಕ್ಕೆ ಸ್ವಲ್ಪ ಹೊಗೆ ತಾಕಿಸಿದಂಥ ರುಚಿ! ನಾನು ಅದನ್ನು ಇವತ್ತಿಗೂ ಮರೆತಿಲ್ಲ. ಕುಡಿಕೆಯ ಒಳಗೆ ಸುಣ್ಣ ಬಳಿದರೆ ರಸ ಸಿಹಿಯಾಗಿಯೇ ಉಳಿಯುತ್ತದೆ, ಬಳಿಯದಿದ್ದರೆ ಹುಳಿಯಾಗಿ ಕಳ್ಳಾಗುತ್ತದೆ ಎಂದು ಮುದುಕ ತಮಿಳಿನಲ್ಲಿ ಹೇಳಿದ. ದೊಡ್ಡಪ್ಪ ಅದನ್ನು ಕನ್ನಡಕ್ಕೆ ತಿರುಗಿಸುವಾಗ ಮಾತು ಹೆಚ್ಚಾಗಿ ಅರ್ಥ ಎಲ್ಲೋ ಜಾರಿತು. ಮರದ ಬುಡದಲ್ಲಿ ಬೇರೆಯಾಗಿ ಇಟ್ಟಿದ್ದ ಇನ್ನೊಂದು ಕುಡಿಕೆ ತೋರಿಸಿ, “ಇದು ಇನ್ನೂ ಉತ್ತಮದ್ದು, ನೆನ್ನೆಯಿಂದ ಮಾಗ್ಯದ” ಎಂದು, ಗೆಳೆಯನ ಮೇಲಿನ ಪ್ರೀತಿಗೆ ಮಲ್ಲಣ್ಣನ ದೊನ್ನೆಗೆ ಅದನ್ನೇ ಬಗ್ಗಿಸಿದರು. ಮುದುಕ ಬೇಡ ಬೇಡವೆಂದು ಕೈಯಾಡಿಸುವಷ್ಟರಲ್ಲಿ ಮಲ್ಲಣ್ಣ ಮೂರು ದೊನ್ನೆ ಮುಗಿಸಿದ್ದರು.

ಮೊದಲು ಅವರ ವಿಭೂತಿ ಬೆವರಿತು. ಆಮೇಲೆ ಮಲ್ಲಣ್ಣ ಒಂದು ತಾಳೆಮರವನ್ನು ತಬ್ಬಿಕೊಂಡು, “ಎಷ್ಟು ನೆಟ್ಟಗ ಬೆಳ್ದಿದ್ದಯ್ಲಾ! ನಮ್ ಊರಲ್ಲಿ ಯಾರೂ ಇಲ್ಲ ಕಣ ನಿನ್ನಂಗ!” ಎಂದು ಗಳಗಳನೆ ಅತ್ತರು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಐವತ್ತೈದು ವರ್ಷ ಬಿಗಿದಿದ್ದ ಮುಖ ಒಂದು ಬೆಳಗಿನಲ್ಲಿ ಹೀಗೆ ಸಡಿಲಗೊಳ್ಳುತ್ತದೆಂದು ಯಾರಿಗೆ ಗೊತ್ತಿತ್ತು?

ಆಗಲೇ ಎಡವಟ್ಟಾಯಿತು. ಮುದುಕ ದೊನ್ನೆಗಳನ್ನು ಎತ್ತಿಡುತ್ತ ದೊಡ್ಡಪ್ಪನನ್ನು ಮರ್ಯಾದೆಗೆಂದು ಕೇಳಿದ.

“ಐಯಾ, ಇಂದ ಪಕ್ಕಂ ವರದು ಇದುದಾನ್ ಮುದಲ್ ತಡವೈಯಾ?”

ಈ ಕಡೆ ಬರುವುದು ಇದೇ ಮೊದಲ ಸಲವೇ ಎಂದು. ನಮ್ಮವರಲ್ಲಿ ತಮಿಳು ತಿಳಿಯದವರು ಯಾರು? ಹದಿನಾಲ್ಕು ತಲೆ ಒಟ್ಟಿಗೆ ದೊಡ್ಡಪ್ಪನ ಕಡೆ ತಿರುಗಿದವು. ಮಲ್ಲಣ್ಣನೂ ಮರವನ್ನು ಬಿಟ್ಟು ತಿರುಗಿದರು. ಎಲ್ಲಕ್ಕೂ ಕಾರಣ ಸಿದ್ಧವಿಟ್ಟುಕೊಂಡಿರುತ್ತಿದ್ದ ಮನುಷ್ಯ ಬಾಯಿ ತೆರೆದರು, ಮುಚ್ಚಿದರು. “ಒತ್ತಾಯ್ತು, ಅತ್ತಿ, ವ್ಯಾನ್ ಅತ್ತಿ” ಎಂದು ಸರಸರ ನಡೆದುಬಿಟ್ಟರು. ಹಿಂದಿನಿಂದ ಅವರ ಕತ್ತು ಕೆಂಪಗಾಗಿದ್ದುದು ನನಗೆ ಕಂಡಿತು.

ಊರಿನ ಹಳೆಯ ಹೆಬ್ಬಾಗಿಲು ಬಂತು. ದೊಡ್ಡ ಬಿಳಿಯ ಬಾಗಿಲು, ಅದರ ನೆತ್ತಿಯ ಮೇಲೆ ಪರದೇಶದ ಲಾಂಛನ. ಇಳಿದೆವು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಶುರುಮಾಡಿದರು.

“ಇದ ಕಟ್ಸುದ್ದು ಧೇನುಮಾರ್ಗ ಅನ್ನೋ ದೇಸದೋರು. ಎಸ್ರಲ್ಲೇ ಅದಲ್ಲ, ಧೇನು ಅಂದ್ರ ಅಸು. ಅಲ್ಲಿ ಎಲ್ರೂ ದನ ಸಾಕೋರು. ಮೇವು ಸಾಲ್ದೇ ಓಗಿ ಅಡಗು ಅತ್ಕಂಡು ಇಲ್ಲಿಗ ಬಂದ್ರು.”

ಬೋರ್ಡಿನಲ್ಲಿ ಡೆನ್ಮಾರ್ಕ್ ಎಂದಿತ್ತು! ಲಾರಿ ಡ್ರೈವರ ಬಾಯಿಂದ ದೊಡ್ಡಪ್ಪನ ಕಿವಿಗೆ ಬರುವಷ್ಟರಲ್ಲಿ ಅದು ಗೋಮಾತೆಯ ದೇಶವಾಗಿತ್ತು. ತಿದ್ದೋಣವೆಂದು ಅವರ ಹತ್ತಿರ ಹೋದೆ. ಆದರೆ ಟ್ರೈನಿಂಗಿನಲ್ಲಿ ಓದಿದ ಭೂಗೋಳದ ಪಾಠ ನೆನಪಾಯಿತು: ಡೆನ್ಮಾರ್ಕ್ ಹಾಲು, ಬೆಣ್ಣೆಗೆ ಹೆಸರುವಾಸಿ! ಈಗ ಹೇಳಿ, ನಾನು ಯಾವ ಬಾಯಿಂದ ತಪ್ಪು ಅನ್ನಲಿ?

ರಾಜರ ಬೀದಿಯಲ್ಲಿ ನಡೆದೆವು. ಎರಡೂ ಕಡೆ ದಪ್ಪ ಗೋಡೆಯ ಹಳೆಯ ಬಂಗಲೆಗಳು, ಎತ್ತರದ ಕಂಬಗಳು, ಒಂದು ಹಳೆಯ ಇಗರ್ಜಿ. ದೊಡ್ಡಪ್ಪ ಹೇಳುತ್ತಲೇ ಇದ್ದರು, ಆದರೆ ದನಿಯಲ್ಲಿ ಗಟ್ಟಿ ಇರಲಿಲ್ಲ. ಬೀದಿಯ ಕೊನೆ ಮುಟ್ಟುವ ಮೊದಲೇ ಬಲಕ್ಕೆ ತಿರುಗಿ ಕೋಟೆಯನ್ನೂ ತೋರಿಸಿದರು. ಕೋಟೆಯ ಮಗ್ಗುಲಿನ ಮರಳ ಮೇಲೆ ನಾಲ್ಕು ಹೆಜ್ಜೆ ಇಟ್ಟರು. “ಇನ್ನು ಇಲ್ಲಿಂದ ಮುಂದಕ್ಕ...” ಎಂದು ಕೋಲು ಎತ್ತಿದರು.

ಇಲ್ಲಿಂದ ಮುಂದಕ್ಕೆ ಸಮುದ್ರ ಇತ್ತು.

ನಮ್ಮ ಕಡೆ ದೂರ ಅಂದರೆ ಒಂದು ಗುಡ್ಡ. ಅದರಾಚೆ ಇನ್ನೊಂದು ಗುಡ್ಡ. ಕಣ್ಣು ಎಲ್ಲೋ ಒಂದು ಕಡೆ ತಾಗಿ ನಿಲ್ಲುತ್ತದೆ. ಇಲ್ಲಿ ಕಣ್ಣು ಹೋಗುತ್ತಲೇ ಇತ್ತು, ನಿಲ್ಲಲು ಜಾಗವೇ ಸಿಗಲಿಲ್ಲ. ನೀರು ಎದ್ದು ಬರುತ್ತಿತ್ತು, ಬಿದ್ದು ಹೋಗುತ್ತಿತ್ತು. ಆ ಸದ್ದಿಗೆ ಕಾಲ ಕೆಳಗಿನ ನೆಲವೇ ಉಸಿರಾಡಿದಂತೆ ಅನ್ನಿಸಿತು. ನಮ್ಮ ಹದಿನಾರು ಜನರಲ್ಲಿ ಒಬ್ಬರೂ ಮಿಸುಕಲಿಲ್ಲ.

ದೊಡ್ಡಪ್ಪ ಎತ್ತಿದ ಕೋಲನ್ನು ಇಳಿಸಿದರು. ಅದು ಕೈಯಿಂದ ಜಾರಿ ಮರಳಿಗೆ ಬಿತ್ತು. ಅವರು ಹಾಗೇ ಕುಸಿದು ಕೂತುಬಿಟ್ಟರು.

ನಾವೆಲ್ಲ ಕಾದೆವು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು. ಅಲೆ ಬಂತು, ಹೋಯಿತು, ಬಂತು, ಹೋಯಿತು. ಒಂದು ಮಾತಿಲ್ಲ. ಗುಂಪಿನ ಕೊನೆಯಲ್ಲಿದ್ದ ದೊಡ್ಡಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಅವರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಗಾಬರಿ ಇತ್ತು.

“ಯಾಕ? ಏನಾಯ್ತು? ಎದೆ ನೋಯ್ತದಾ?”

ದೊಡ್ಡಪ್ಪ ಇಲ್ಲವೆಂದು ತಲೆಯಾಡಿಸಿದರು.

“ಮತ್ತ ಮಾತಾಡಿ. ಇಂಗ ಸುಮ್ಗ ಕೂತ್ಕಬ್ಯಾಡಿ, ನಂಗ ಬಯ ಆಯ್ತದ. ಸುಳ್ಳಾದ್ರೂ ಸರಿ, ಏನಾರ ಒಂದು ಯೋಳ್ಬುಡಿ!”

ದೊಡ್ಡಪ್ಪ ಎದ್ದರು. ನಮ್ಮ ಕಡೆ ತಿರುಗಿದರು. ಕೈ ಎರಡನ್ನೂ ಜೋಡಿಸಿದರು.

“ನಾನು ಇಲ್ಲಿಗ ಬಂದಿಲ್ಲ ಕಣ್ರಪ್ಪ. ಇದೇ ಮೊದ್ಲು. ನಾನು ಯೋಳಿದ್ದೆಲ್ಲ ಆ ಲಾರಿಯೋನು ಯೋಳಿದ್ದು. ಇದು ಇಂಗಿರ್ತದ ಅಂತ ಅವ್ನೂ ಯೋಳ್ನಿಲ್ಲ. ನಿಮ್ಮುನ್ನೆಲ್ಲ ಏಮಾರ್ಸ್‌ಬುಟ್ಟಿ.”

ಇಡೀ ತಾಳವಾಡಿ ಸೀಮೆಗೆ ಈ ಸುದ್ದಿ ನಾಳೆ ಹಬ್ಬುತ್ತದೆ. ನಾಳಿದ್ದಿನಿಂದ ದೊಡ್ಡಪ್ಪ ಯಾರಿಗೆ ಏನು ಹೇಳಿಯಾರು? ಹೇಳುವುದನ್ನೇ ನಿಲ್ಲಿಸಿದರೆ ಆ ಮನುಷ್ಯನಲ್ಲಿ ಉಳಿಯುವುದಾದರೂ ಏನು?

ಆಗ ಮಲ್ಲಣ್ಣ, ಇನ್ನೂ ಸ್ವಲ್ಪ ತೂರಾಡುತ್ತಲೇ, ಮುಂದೆ ಬಂದು ಗೆಳೆಯನ ಹೆಗಲ ಮೇಲೆ ಕೈ ಹಾಕಿದರು.

“ನಂಗ ಗೊತ್ತಿತ್ತು ಕಣ್ಲಾ. ವ್ಯಾನ್ ಅತ್ತಾಕ ಮುಂಚೇನೇ ಗೊತ್ತಿತ್ತು. ಇಲ್ಲಿರೋ ಎಲ್ರಿಗೂ ಗೊತ್ತಿತ್ತು.”

ಹೆಂಗಸರೆಲ್ಲ ತಲೆಯಾಡಿಸಿದರು. ಹೌದು, ಗೊತ್ತಿತ್ತು!

“ಮತ್ಯಾಕ ಬಂದ್ರಿ?” ಎಂದರು ದೊಡ್ಡಪ್ಪ, ದಿಗ್ಭ್ರಮೆಯಿಂದ.

“ನಮ್ಗೂ ನೋಡ್ಬೇಕು ಅಂತಿತ್ತು. ಆದ್ರ ಕರ್ಕಂಡು ಓಗಾಕ ಒಬ್ಬ ಬೇಕಲ್ಲಪ್ಪ! ಗೊತ್ತಿರೋನು ಯಾವೋನು ಬಂದು ನಮ್ಮುನ್ನ ಕರೀತಾನ?” ಎಂದವರೇ ಮಲ್ಲಣ್ಣ, ಗುಂಪಿಗೆ ಜೋರಾಗಿ, “ಬನ್ನಿ, ಶಿವನ ಗುಡಿ ಇನ್ನೂ ಅರ್ಧ ಉಳ್ದದ. ಪೂರ್ತಿ ಕೊಚ್ಕಂಡು ಓಗಾಕ ಮುಂಚ ಕೈ ಮುಗ್ದುಬುಡುವ” ಎಂದು ಎಲ್ಲರನ್ನೂ ದಡದಗುಂಟ ಹೊರಡಿಸಿದರು. ಗುಡಿ ಯಾವ ದಿಕ್ಕಿನಲ್ಲಿದೆ ಎಂದು ಅವರಿಗೂ ಗೊತ್ತಿರಲಿಲ್ಲ, ಕೋಟೆಯನ್ನೇ ಎರಡು ಸುತ್ತು ಹಾಕಿದರು, ಆ ಮಾತು ಬೇರೆ.

ನಾನು ಚಪ್ಪಲಿಯಲ್ಲಿ ಸೇರಿದ್ದ ಮರಳು ಕೊಡವುತ್ತ ಹಿಂದೆ ಉಳಿದೆ. ಅದಕ್ಕೇ ಅವರಿಬ್ಬರ ಮಾತು ಕೇಳಿಸಿತು.

ದೊಡ್ಡಮ್ಮ ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು ನೀರಿನ ಅಂಚಿಗೆ ಹೋಗಿದ್ದರು. ಅಲೆ ಬಂದು ಪಾದ ಮುಟ್ಟಿತು. ಬೆಚ್ಚಿ ಹಿಂದೆ ಸರಿದರು, ಮತ್ತೆ ಮುಂದೆ ಹೋದರು. “ಇಷ್ಟು ಆಸೆ ಇದ್ರ ನಂಗೊಂದು ಮಾತು ಯೋಳ್ಬಾರ್ದಿತ್ತಾ? ಇದ ನೋಡ್ಬೇಕು ಅಂತ ನಿಮ್ಗ ಯಾಕ ಅಷ್ಟು ಉಚ್ಚು?” ಎಂದರು.

“ನೀನೇ ಕೇಳಿದ್ದೆ ಕಣಮ್ಮಿ.”

“ನಾನಾ?”

“ಮದ್ವೆ ಆದ ವರ್ಸ. ನೀನು ಒಲೆ ಮುಂದ ಕೂತ್ಕಂಡು ಸಾರಿಗ ಉಪ್ಪಾಕ್ತಾ ಇದ್ದೆ. ಈ ಉಪ್ಪು ಎಲ್ಲಿಂದ ಬತ್ತದ ಅಂತ ಕೇಳ್ದೆ. ತಾಳವಾಡಿ ಸಂತೆಯಿಂದ ಅಂದಿ ನಾನು. ಸಂತೆಗ ಎಲ್ಲಿಂದ ಬತ್ತದ ಅಂದೆ ನೀನು. ನಂಗ ಗೊತ್ತಿರ್ನಿಲ್ಲ.” ದೊಡ್ಡಪ್ಪ ನೀರನ್ನೇ ನೋಡುತ್ತಿದ್ದರು. “ಅಷ್ಟು ದೂರದಿಂದ ನನ್ನ ನಂಬ್ಕಂಡು ಬಂದ ಎಣ್ಣು. ಅದು ಕೇಳಿದ ಮೊದಲ್ನೇ ಮಾತ್ಗೇ ನಂಗ ಉತ್ರ ಬರ್ನಿಲ್ಲ ಅಂತ ನಾಚ್ಕ ಆಗ್ಬುಡ್ತು. ಅವತ್ತಿಂದ ಸಂತೆಗ ಬಂದೋರು, ದಾರೀಲಿ ಓಗೋರು, ಸಿಕ್ಕಿದೋರ್ನೆಲ್ಲ ಕೇಳ್ತಾನೇ ಇವ್ನಿ. ಎಲ್ಲಾನೂ ಕೇಳ್ಕಂಡಿ. ಕೇಳ್ಕಂಡಿದ್ದೆಲ್ಲ ನಿಂಗ ಯೋಳ್ದಿ.”

ದೊಡ್ಡಮ್ಮ ನೀರಿನಿಂದ ಅವರ ಕಡೆ ತಿರುಗಿದರು.

“ನಾನು ಕೇಳಿದ್ದು ನಂಗೇ ಗ್ಯಾಪ್ಕ ಇಲ್ಲ,” ಎಂದರು.

ಆಮೇಲೆ ಬಗ್ಗಿದರು. ಬಂದ ಅಲೆಯನ್ನು ಬೊಗಸೆಯಲ್ಲಿ ಹಿಡಿದು, ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು ಮುಖ ಕಿವಿಚಿದರು. ಅದೇ ಬೊಗಸೆಯನ್ನು ದೊಡ್ಡಪ್ಪನ ಮುಂದೆ ಹಿಡಿದರು. ಅವರೂ ಬೆರಳದ್ದಿ ನೋಡಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆ ವಯಸ್ಸಿನವರು ಹಾಗೆ ನಗುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

“ಸರಿ,” ಎಂದರು ದೊಡ್ಡಮ್ಮ, ಕೈ ಒರೆಸಿಕೊಳ್ಳುತ್ತ. “ಇಷ್ಟೊಂದು ಉಪ್ಪ ಇದ್ರೊಳಕ್ಕ ಯಾರು ಆಕುದ್ರು?”

ದೊಡ್ಡಪ್ಪ ಬಾಯಿ ತೆರೆದರು. ನಿಲ್ಲಿಸಿಕೊಂಡರು. ದೂರದಲ್ಲಿ ಮೀನುಗಾರರ ಒಬ್ಬ ಮುದುಕಿ ಮರಳ ಮೇಲೆ ಬಲೆ ಹರಡಿಕೊಂಡು ಹರಿದ ಕಡೆ ಹೆಣೆಯುತ್ತಿದ್ದಳು.

“ತಡಿ, ಆ ಯಮ್ಮನ್ನ ಕೇಳ್ಬುಟ್ಟು ಬತ್ತೀನಿ. ಇಲ್ಲೇ ಇರು.”

ಪಂಚೆ ಎತ್ತಿ ಕಟ್ಟಿಕೊಂಡು ಮರಳಿನಲ್ಲಿ ಎಡವುತ್ತ ಹೊರಟರು. ಮುದುಕಿಯ ಎದುರು ಕುಕ್ಕುರುಗಾಲಲ್ಲಿ ಕೂತು, ಬಲೆಯ ಒಂದು ತುದಿಯನ್ನು ತಾವೂ ಹಿಡಿದುಕೊಂಡು ಏನೋ ಕೇಳತೊಡಗಿದರು.

ನಾನು ಓಡಿ ಗುಂಪನ್ನು ಸೇರಿಕೊಂಡೆ. ಗುಡಿ ನೋಡಿಕೊಂಡು ನಾವು ಹಿಂದಿರುಗಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ವ್ಯಾನಿನ ನೆರಳಿನಲ್ಲಿ ರೊಟ್ಟಿಯ ಗಂಟು ಬಿಚ್ಚಿ ಎಲ್ಲರೂ ಊಟಕ್ಕೆ ಕೂತರು. ನಾನು ದೊಡ್ಡಮ್ಮನನ್ನು ಕರೆಯಲು ಹೋದೆ. ಅವರು ತಲೆಯ ಮೇಲೆ ಸೆರಗು ಹೊದ್ದು, ನಾನು ಬಿಟ್ಟು ಹೋದ ಜಾಗದಲ್ಲೇ ಮರಳ ಮೇಲೆ ಕೂತಿದ್ದರು.

“ಬನ್ನಿ ದೊಡ್ಡಮ್ಮ, ಸುಡು ಬಿಸಿಲು. ಎಲ್ಲರೂ ಊಟಕ್ಕೆ ಕಾಯುತ್ತಿದ್ದಾರೆ.”

ದೊಡ್ಡಪ್ಪ ಇನ್ನೂ ಕೂತಿದ್ದ ಆ ಬಲೆಯ ಕಡೆಯಿಂದ ಅವರು ಕಣ್ಣು ತೆಗೆಯಲಿಲ್ಲ.

“ನೀವು ಉಣ್ಣಿ ಓಗವ್ವಾ,” ಎಂದರು. “ಕೇಳ್ಕಂಡು ಬತ್ತೀನಿ, ಇಲ್ಲೇ ಇರು ಅಂದವ್ರ.”